ಭಾನುವಾರದ ರಿಪೇರಿಯವರು

ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಒಬ್ಬರು ಭಾನುವಾರಗಳಂದು ಕನಕಪುರದ ಮನೆಮನೆಗೆ ಬಂದು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಏನೇ ಕೆಟ್ಟಿರಲಿ, ಗಲ್ಲಕ್ಕೆ ಕೈಯಿಟ್ಟು ಸ್ಕ್ರೀನನ್ನೇ ನೋಡುತ್ತಾ, "ಒಸಿ ತಾಳಿ, ಅದೇ ಹೇಳ್ತದೆ" ಅನ್ನುತ್ತಿದ್ದರು.

ಕಲ್ಲುಕ್ವಾರಿಯಲ್ಲಿ ಕಾಲು ಕಳೆದುಕೊಂಡು ಮಂಚ ಹಿಡಿದಿದ್ದ ನಮ್ಮಣ್ಣನಿಗೆ ಉಳಿದಿದ್ದ ಸಂತೋಷವೆಂದರೆ ಕಾರ್ ರೇಸ್ ಆಟವೊಂದೇ. ಕಂಪ್ಯೂಟರಿಗೆ ಹೊಸ ಅಪ್‌ಡೇಟ್ ಹಾಕಿದ ಮೇಲೆ ಅದೂ ನಡುವೆಯೇ ಮುಚ್ಚಿಕೊಳ್ಳತೊಡಗಿತು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಅವರು ಬಂದು, ಸ್ಕ್ರೀನಿನಲ್ಲಿ ಕಂಡ ಎರರನ್ನು ಅಂಗೈಮೇಲೆ ಬರೆದುಕೊಂಡರು. ಒಂದೊಂದನ್ನೇ ಬದಲಾಯಿಸಿ, ಪ್ರತಿಸಲವೂ ಆಟ ಓಡಿಸಿ ನೋಡಿದರು. ಕೊನೆಗೆ, ಅಪ್‌ಡೇಟ್ ಜೊತೆ ಬಂದಿದ್ದ, ಸ್ಕ್ರೀನಿಗೆ ಚಿತ್ರ ಮೂಡಿಸುವ ಸಾಫ್ಟ್‌ವೇರಾದ ಹೊಸ ಡಿಸ್‌ಪ್ಲೇ ಡ್ರೈವರ್ ತೆಗೆದು, ಸಿಡಿಯಲ್ಲಿದ್ದ ಹಳೆಯದನ್ನು ಹಾಕಿದಾಗ ಕಾರು ಕೊನೆಯವರೆಗೂ ಓಡಿತು. ಅಣ್ಣ ಚಪ್ಪಾಳೆ ತಟ್ಟಿದ.

ಅಷ್ಟರಲ್ಲಿ ಅವರು ಹೊಸ ಡ್ರೈವರನ್ನೇ ಮತ್ತೆ ಹಾಕಿಬಿಟ್ಟರು. ಆಟ ಮುಚ್ಚಿಕೊಂಡಿತು.

"ಅಯ್ಯೋ, ಯಾಕ್ ಕೆಡಿಸ್ಬುಟ್ರಿ?" ಅಣ್ಣ ಕೂಗಿದ.

ಅವರು ಮೌಸನ್ನು ಅವನ ಕೈಗಿಟ್ಟು, "ನಾನು ವಾರವೆಲ್ಲ ಹಾರೋಹಳ್ಳೀಲಿರ್ತೀನಿ. ಈಗ ನೀವೇ ಸರಿ ಮಾಡಿ" ಅಂದರು.

ಅಣ್ಣ ಮೂರು ಸಲ ತಪ್ಪಿದ. ಹಾರೋಹಳ್ಳಿಗೆ ಹೋಗುವ ಬಸ್ಸುಗಳು ಒಂದೊಂದಾಗಿ ಹೋಗುತ್ತಿದ್ದರೂ ಅವರು ಕೈಕಟ್ಟಿ ಕೂತೇ ಇದ್ದರು. ನಾಲ್ಕನೆಯ ಸಲ ಕಾರು ಓಡಿತು.

ಮುಂದಿನ ತಿಂಗಳಿಂದ ಬೀದಿಯವರು ಕೆಟ್ಟ ಕಂಪ್ಯೂಟರ್ ಹೊತ್ತು ಅಣ್ಣನ ಹತ್ತಿರ ಬರತೊಡಗಿದರು.