ಮಗಳ ಶಾಯಿಯ ಹಸಿರು

ಪೆನ್ನು ರಿಪೇರಿಯವನನ್ನು ಬೀದಿಯವರೆಲ್ಲ ‘ಹಸಿರು ಮಾವ’ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಅವನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ಹೊರಗೆ. ಸೊಟ್ಟಗಾದ ನಿಬ್ಬು ನೇರ ಮಾಡುವುದರಲ್ಲಿ ಅವನದು ಎತ್ತಿದ ಕೈ. ಯಾವ ಗಿರಾಕಿ ಬಂದರೂ, “ಕಡು ಹಸಿರು ಶಾಯಿ ಎಲ್ಲಾದ್ರೂ ಕಂಡ್ರಾ?” ಎಂದು ಕೇಳದೆ ಕಳಿಸುತ್ತಿರಲಿಲ್ಲ. ಊರಿಗೆಲ್ಲ ನೀಲಿ ಸಾಕು, ಇವನಿಗೆ ಮಾತ್ರ ಹಸಿರೇ ಆಗಬೇಕು ಎಂದು ಬೆನ್ನ ಹಿಂದೆ ನಗುತ್ತಿದ್ದರು. ನಗುವವರಿಗೇನು, ಮಗಳನ್ನು ಕಳೆದುಕೊಂಡವರು ಅವರಲ್ಲವಲ್ಲ.

ಇದ್ದೊಬ್ಬ ಮಗಳು ಜ್ವರದಲ್ಲಿ ಹೋದಳು. ಬಿಟ್ಟುಹೋದದ್ದು ಒಂದು ಚಿತ್ರ: ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೆನ್ನೆಗೆ ಕೈ ಕೊಟ್ಟು ತೂಕಡಿಸುತ್ತಿರುವುದು. ಅಪ್ಪ ಸರಿಮಾಡಿಕೊಟ್ಟ ಪೆನ್ನಿನಲ್ಲಿ, ಕಡು ಹಸಿರು ಶಾಯಿಯಲ್ಲಿ ಬರೆದದ್ದು. ಚೆನ್ನಾಗಿ ಕಾಣಲಿ ಎಂದು ಅದಕ್ಕೆ ಗಾಜು ಹಾಕಿಸಿ ಕಿಟಕಿಯೆದುರಿನ ಗೋಡೆಗೆ ತೂಗುಹಾಕಿದವನು ಅವನೇ. ಬಿಸಿಲು ಅದನ್ನು ದಿನವೂ ಒಂದಿಷ್ಟು ತಿಂದಿತು. ಅವನ ಗಮನಕ್ಕೆ ಬರುವ ಹೊತ್ತಿಗೆ ಕಣ್ಣಿನ ರೆಪ್ಪೆಯ ಗೆರೆಗಳು ಕಾಣೆಯಾಗಿದ್ದವು. ಆದರೂ ದಿನಾ ನೋಡುವ ಆಸೆಗೆ ಅದನ್ನು ಅಲ್ಲೇ ಬಿಟ್ಟ. ಆ ಶಾಯಿ ಮಾಡುತ್ತಿದ್ದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಮಗಳ ಸೀಸೆಯ ತಳದಲ್ಲಿ ಉಳಿದ ಚೂರಿನಿಂದ ಚಿತ್ರವನ್ನೆಲ್ಲ ತಿದ್ದಲಾಗದು, ತಿದ್ದದೆ ಬಿಟ್ಟರೆ ಚಿತ್ರವೇ ಉಳಿಯದು.

ಹಾಗೆ ಶುರುವಾಯಿತು ಹೋಲಿಸುವ ಕೆಲಸ. ಅದೇ ನಿಬ್ಬು, ಅದೇ ಕಾಗದ. ಮಗಳ ಶಾಯಿಯದೊಂದು ಗೆರೆ, ಪಕ್ಕಕ್ಕೆ ಹೊಸದರದೊಂದು. ಒದ್ದೆಯಿದ್ದಾಗ ಕಡು ಹಸಿರೆಲ್ಲ ಕಪ್ಪೇ. ಒಣಗಿದ ಮೇಲೇ ಅದರ ಬಣ್ಣ ಬಯಲಾಗುವುದು. ಒಂದು ಶಾಯಿ ಅಂಚಿನಲ್ಲಿ ನೀಲಿ ಬಿಡುತ್ತಿತ್ತು. ಒಂದು ಬೆಂದ ಸೊಪ್ಪಿನ ಹಾಗೆ ಮಂಕಾಗುತ್ತಿತ್ತು. ಇನ್ನೊಂದು ದಟ್ಟವಾದ ಕಡೆಯಲ್ಲೆಲ್ಲ ಕೆಂಪಗೆ ಹೊಳೆದು ಅವನ ಹೊಟ್ಟೆ ಉರಿಸುತ್ತಿತ್ತು.

“ಇದು ಅದೇ ಅಲ್ವೇನೇ?” ಎಂದು ಹೆಂಡತಿಗೆ ತೋರಿಸುತ್ತಿದ್ದ.

“ನಂಗೆಲ್ಲಾ ಒಂದೇ ಥರ ಕಾಣತ್ತೆ. ಊಟ ಆರ್ತಿದೆ, ಬನ್ನಿ.”

ಕೊನೆಗೊಂದು ಸೀಸೆ ಬಂತು. ಒಣಗಿದ ಮೇಲೂ ಕೂದಲೆಳೆಯಷ್ಟೇ ವ್ಯತ್ಯಾಸ, ಹಳದಿ ಚೂರು ಕಡಿಮೆ. ಮಗಳದನ್ನೂ ಇದನ್ನೂ ಬೆರೆಸಿದರೆ ಆ ಕೊರತೆಯೂ ತುಂಬುತ್ತದೆ ಎಂದು ಆಸೆ ಹುಟ್ಟಿತು. ಎರಡು ಕಂಪನಿಯ ಶಾಯಿ ಬೆರೆಸಬೇಡಿ, ಒಡೆದುಹೋಗುತ್ತದೆ ಎಂದು ಗಿರಾಕಿಗಳಿಗೆ ಬೈದು ಬುದ್ಧಿ ಹೇಳುತ್ತಿದ್ದವನು ಅವನೇ. ಬೆರೆಸಲೇಬೇಕಿದ್ದರೆ ಮೊದಲು ಒಂದು ಹನಿಯಲ್ಲಿ ನೋಡಿ ಎನ್ನುತ್ತಿದ್ದವನೂ ಅವನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮಗಳ ಶಾಯಿಯ ಒಂದು ಹನಿಯನ್ನೂ ಪರೀಕ್ಷೆಗೆಂದು ಹಾಳುಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಹೊಸದನ್ನು ನೇರವಾಗಿ ಅವಳ ಸೀಸೆಗೇ ಸುರಿದ.

ಬೆಳಿಗ್ಗೆ ನೋಡಿದರೆ ಅದು ಒಡೆದ ಹಾಲಿನಂತಾಗಿತ್ತು. ತಳದಲ್ಲಿ ಲೋಳೆ, ಮೇಲೆ ಬಣ್ಣಗೆಟ್ಟ ನೀರು. ಬಟ್ಟೆಯಲ್ಲಿ ಸೋಸಿದ. ಹಸಿರೆಲ್ಲ ಬಟ್ಟೆಯಲ್ಲೇ ಉಳಿಯಿತು. ಅವನು ನೆಲದ ಮೇಲೆ ಕೂತು ಅತ್ತ. ಮಗಳು ಹೋದ ದಿನ ನಾಲ್ಕು ಜನರೆದುರು ತಡೆದುಕೊಂಡಿದ್ದನ್ನೂ ಸೇರಿಸಿ ಅತ್ತ.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

“ನನ್ನ ಕೈಯಾರೆ ಹಾಳು ಮಾಡಿದೆ ಕಣೇ.”

“ಸಿಕ್ಕಿದ್ರೂ ಏನಾಗ್ತಿತ್ತು ಹೇಳಿ. ಅವಳ ಗೆರೆ ಮೇಲೆ ನೀವು ಎಳೆದ್ರೆ ಅದು ನಿಮ್ಮ ಗೆರೆ ಆಗ್ತಿತ್ತು. ನಂಗೆ ಮೊದ್ಲೇ ಗೊತ್ತಿತ್ತು. ಹುಡುಕ್ತಾ ಇದ್ರೆ ನೀವು ಹೆಂಗೋ ಜೀವ ಹಿಡ್ಕೊಂಡಿರ್ತೀರಿ ಅಂತ ಬಾಯಿ ಬಿಡ್ಲಿಲ್ಲ.”

ಅವನು ಎದ್ದು ಚಿತ್ರವನ್ನು ಗೋಡೆಯಿಂದ ಇಳಿಸಿದ. ಮುಖದಲ್ಲಿ ಮೂಗು ಮಾತ್ರ ಉಳಿದಿತ್ತು, ಮತ್ತೆ ಕೆನ್ನೆಗೆ ಕೊಟ್ಟ ಕೈ. ಬಟ್ಟೆ ಸುತ್ತಿ, ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯನ್ನು ಎಳೆದು ಅದರೊಳಗಿಟ್ಟ.

“ಅಲ್ಯಾಕೆ ಇಡ್ತೀರಿ?”

“ಬೆಳಕು ತಾಗದಿದ್ರೆ ಇಷ್ಟಾದ್ರೂ ಉಳಿಯತ್ತೆ.”

“ಮತ್ತೆ ನೋಡೋದು ಯಾವಾಗ?”

“ನೋಡೋ ಹಾಗಿಲ್ಲ.”

ಅವಳು ಪೆಟ್ಟಿಗೆಯೊಳಗೇ ದೃಷ್ಟಿ ನೆಟ್ಟು ನಿಂತಳು. “ಅವಳನ್ನೂ ಹಿಂಗೇ ಮುಚ್ಚಿಟ್ಟು ಬಂದ್ವಲ್ಲ” ಎಂದಳು.

ಅವನು ಮುಚ್ಚಳ ಹಾಕಿದ. ಬೀಗ ಜಡಿದು ಕೀಲಿಯನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.