ಖಾದರ್ ಮಾಮನ ನೀಲಿ ತುಂಡುಗಳು

ಖಾದರ್ ಮಾಮ ಹೊಲಿಗೆ ಮಷಿನ್ನಿನ ಮುಂದೆ ಕೂಡುತ್ತಿದ್ದುದು ಸ್ಕೂಟರಿನ ಟ್ಯೂಬಿನ ಮೇಲೆ. ಅರ್ಧ ಗಾಳಿ ತುಂಬಿದ ಹಳೇ ಟ್ಯೂಬು. ಬೆಳಿಗ್ಗೆ ಬಂದವನೇ ಅದನ್ನು ಗೋಡೆಯ ಮೊಳೆಯಿಂದ ಇಳಿಸಿ, ಒಮ್ಮೆ ಹಿಚುಕಿ ನೋಡಿ, ಸ್ಟೂಲಿನ ಮೇಲಿಟ್ಟು, ಕಾದ ಹಂಚಿನ ಮೇಲೆ ಕೂಡುವವನ ಹಾಗೆ ಒಂದೊಂದೇ ಬದಿ ಊರಿ ಕೂಡುತ್ತಿದ್ದ. ಕೂತನೆಂದರೆ ಮಧ್ಯಾಹ್ನದ ನಮಾಜಿನವರೆಗೂ ಏಳುತ್ತಿರಲಿಲ್ಲ. ಹೊಸಬರು ನೋಡಿ ನಕ್ಕರೆ ತಾನೂ ನಗುತ್ತಿದ್ದ. "ನಗ್ರಿ, ನಗ್ರಿ. ನಮ್ಮ ಬೀಗರು ಬಂದು ಯಾವ ಕಾಲ ಆತೋ, ಹೋಗವಲ್ರು. ಅವ್ರಿಗೆ ಮೆತ್ತನ ಕುರ್ಚಿ ಹಾಕಬೇಕಾಗ್ತೈತಿ."

ಬೀಗರೆಂದರೆ ಮೂಲವ್ಯಾಧಿ. ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ರಕ್ತ ಹೋದ ದಿನ "ಬೀಗರು ಇವತ್ತು ಜಗಳ ತೆಗೆದಾರ" ಎನ್ನುತ್ತಿದ್ದ, ಅಷ್ಟೇ.

ನಮ್ಮ ಜೀನ್ಸ್ ಯೂನಿಟ್ಟು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಸ್ವಲ್ಪ ಆಚೆ, ಒಂದು ಓಣಿಯ ತಗಡಿನ ಸೂರಿನ ಕೆಳಗೆ ಇತ್ತು. ಬಿ.ಎ. ಮುಗಿಸಿ ಎಲ್ಲೂ ಕೆಲಸ ಸಿಗದೆ ನಾನು ಕುರುಗೋಡಿನಿಂದ ಬಂದು ಅಲ್ಲಿ ಸೇರಿದಾಗ ಪಕ್ಕದ ಮಷಿನ್ನಿನಲ್ಲಿದ್ದವನು ಮಾಮ. ಊರು ಸಿರುಗುಪ್ಪ. ಜೀನ್ಸಿನ ನೀಲಿ ನಮ್ಮೆಲ್ಲರ ಕೈಗೂ ಹತ್ತುತ್ತಿತ್ತು, ಸೀನಿದರೆ ಕರವಸ್ತ್ರವೂ ನೀಲಿ. ಅವನ ಉಗುರಿನ ಸಂದಿಯ ನೀಲಿಯಂತೂ ರಂಜಾನ್ ಹಬ್ಬದ ದಿನವೂ ಹೋಗುತ್ತಿರಲಿಲ್ಲ. ದಪ್ಪ ಬಟ್ಟೆಯನ್ನು ಸೂಜಿಯಡಿ ಜಗ್ಗಿ ಜಗ್ಗಿ ನಾನು ದಾರ ಹರಿದುಕೊಳ್ಳುತ್ತಿದ್ದಾಗ ಕೈ ಹಿಡಿದು ಕಲಿಸಿದವನು ಅವನೇ. "ಜಗ್ಗಬ್ಯಾಡ ಅಳಿಯಾ. ಅದರ ಪಾಡಿಗೆ ಅದು ಬರ್ತೈತಿ. ನೀ ದಾರಿ ತೋರ್ಸು ಸಾಕು."

ಹೊಲಿದ ಪೀಸಿಗಿಷ್ಟು ಎಂದು ಕೂಲಿ ಸಿಗುವ ಕಡೆ ಯಾರೂ ನೀರು ಕುಡಿಯುವುದಿಲ್ಲ. ಕುಡಿದರೆ ಏಳಬೇಕು, ಎದ್ದರೆ ಹಿತ್ತಲ ಕೊನೆಯ ಒಂದೇ ಪಾಯಿಖಾನೆಯ ಮುಂದೆ ಕಾಯಬೇಕು. ಬೆಳಿಗ್ಗೆ ಮಂಡಕ್ಕಿ ವಗ್ಗರಣಿ, ಮಿರ್ಚಿ, ಒಂದು ಚಹಾ. ಅಷ್ಟರಲ್ಲಿ ದಿನ ಮುಗಿಯಬೇಕು. ಹೊಟ್ಟೆ ಕಟ್ಟಿ ಮಲ ಗಟ್ಟಿಯಾಗುವುದು ನಮಗೆ ಕಾಯಿಲೆ ಅಂತಲೇ ಅನಿಸುತ್ತಿರಲಿಲ್ಲ, ಬೆನ್ನುನೋವಿನ ಹಾಗೆ ಅದೂ ಕೆಲಸದ ಒಂದು ಭಾಗ.

ನನಗೂ ಬೀಗರು ಬಂದರು. ನಾನು ಯಾರಿಗೂ ಹೇಳಿರಲಿಲ್ಲ. ಸ್ಟೂಲಿನ ಮೇಲೆ ಸರಿದಾಡುವುದನ್ನು ನೋಡಿಯೇ ಮಾಮ ಕಂಡುಹಿಡಿದ. "ರಕ್ತ ಹೋಗ್ತೈತೇನು?" ಎಂದು ಕಿವಿಯ ಹತ್ತಿರ ಬಂದು ಕೇಳಿದ. ಹೌದೆಂದೆ. "ನನ್ನಂಗ ಆಗಬ್ಯಾಡ ಮತ್ತ" ಎಂದು ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆಪರೇಷನ್ ಆಯಿತು. ಒಂದೆರಡು ದಿನ ಇಟ್ಟುಕೊಂಡು ಕಳಿಸಿದರು. ನಾನು ಕುರುಗೋಡಿಗೆ, ಅವ್ವನ ಹತ್ತಿರ ಹೋದೆ.

ಆಪರೇಷನ್ನಿನ ನೋವು ಒಂದು ಥರ. ಅದಾದ ಮೇಲೆ ಮೊದಲ ಸಲ ಹೊರಕಡೆಗೆ ಹೋಗುವುದಿದೆಯಲ್ಲ, ಅದರ ಹೆದರಿಕೆಯೇ ಬೇರೆ. ಹೋಗಬಾರದೆಂದು ನಾನು ಉಣ್ಣುವುದನ್ನೇ ಬಿಟ್ಟೆ. ನೀರನ್ನೂ ತುಟಿಗೆ ಸೋಕಿಸಿಕೊಂಡು ಇಡುತ್ತಿದ್ದೆ. ಅವ್ವ ಕಂಗಾಲಾಗಿ ನನ್ನ ಫೋನಿನಿಂದ ಮಾಮನಿಗೆ ಹೇಳಿದಳು. ಆ ಭಾನುವಾರ ಅವನು ಕುರುಗೋಡಿನ ಬಸ್ಸಿನಿಂದ ಇಳಿದದ್ದು ಟ್ಯೂಬನ್ನು ಕೊರಳಿಗೆ ಹಾಕಿಕೊಂಡು, ಸನ್ಮಾನ ಮಾಡಿಸಿಕೊಂಡು ಬಂದವನ ಹಾಗೆ. "ಕಂಡಕ್ಟರು ಕೇಳಿದ, ಇದಕ್ಕೇನು ಹಾಫ್ ಟಿಕೆಟ್ಟೋ ಫುಲ್ಲೋ ಅಂತ" ಎಂದು ಬಾಗಿಲಲ್ಲೇ ನಗಿಸಿದ. ಆಮೇಲೆ ಅವ್ವನ ಕಡೆ ತಿರುಗಿದ. "ಅಕ್ಕಾ, ಇವನಿಗೆ ನೀರು ಕುಡ್ಸು, ಬೈದು ಕುಡ್ಸು. ಖಾರ ಬ್ಯಾಡ. ಪಪ್ಪಾಯಿ ಕೊಡು, ಮಲಗಾಗ ಇಸಬಗೋಲು ಕೊಡು. ಹೋಗಿ ಬಂದ ಮ್ಯಾಲ ಟಬ್ಬಿನಾಗ ಬೆಚ್ಚನ ನೀರು ಹಾಕಿ ಕುಂದ್ರಸು. ಉಣ್ಣದಿದ್ರ ಒಳಗ ಕಲ್ಲಾಗ್ತೈತಿ, ಕಲ್ಲಾದ್ರ ಹೊಲಿಗಿ ಬಿಚ್ಚತೈತಿ."

ಚೀಲದಲ್ಲಿ ಬಿಳಿ ಬಟ್ಟೆಯ ತುಂಡುಗಳನ್ನು ತಂದಿದ್ದ. ಜೀನ್ಸ್ ಪ್ಯಾಂಟಿನ ಒಳಜೇಬಿಗೆ ಹಾಕುತ್ತೇವಲ್ಲ, ಆ ಬಟ್ಟೆ. ಒಗೆದು, ಮಡಿಚಿ, ಅಂಚು ಹೊಲಿದಿದ್ದ. "ಇದನ್ನ ಒಳಗ ಇಟ್ಕೋ. ಬಿಳೀದ್ರಾಗ ಸುಳ್ಳು ನಡಿಯಂಗಿಲ್ಲ ಅಳಿಯಾ. ಹನಿ ಬಿದ್ರ ಹನಿ ಕಾಣ್ತೈತಿ. ಹನಿ ಬಿದ್ರ ಹೆದರಬ್ಯಾಡ. ಬಟ್ಟಿ ಪೂರಾ ತೊಯ್ದ್ರ, ಗಡ್ಡಿ ಗಡ್ಡಿ ಬಿದ್ರ, ಬಸ್ ಕಾಯಬ್ಯಾಡ. ಆಟೋ ಹಿಡಿ, ದವಾಖಾನಿಗೆ ನಡಿ." ಇದನ್ನೆಲ್ಲ ಅವನಿಗೆ ಹೇಳಿಕೊಟ್ಟವರು ನನ್ನ ವಾರ್ಡಿನ ಸಿಸ್ಟರು. ನಾನು ಮಂಪರಿನಲ್ಲಿದ್ದಾಗ ಕೂತು ಕೇಳಿಕೊಂಡು ಬಂದಿದ್ದ.

ಅವತ್ತು ನಾನು ಪಾಯಿಖಾನೆಯೊಳಗೆ ಹೋಗಿ ಗೋಡೆಗೆ ಹಣೆ ಒತ್ತಿ ಅತ್ತೆ. ಬಾಗಿಲಿನ ಆಚೆ, ನೆಲದ ಮೇಲೆ ಕೂತು, ಅವನು ಏನೇನೋ ಮಾತಾಡುತ್ತಲೇ ಇದ್ದ. ನಡುನಡುವೆ, "ಜಗ್ಗಬ್ಯಾಡ. ಅದರ ಪಾಡಿಗೆ ಅದು ಬರ್ತೈತಿ." ನನ್ನಪ್ಪ ಇದ್ದಿದ್ದರೂ ಆ ಬಾಗಿಲ ಮುಂದೆ ಕೂಡುತ್ತಿರಲಿಲ್ಲ.

ಹೊರಗೆ ಬಂದು, ಟಬ್ಬಿನಲ್ಲಿ ಕೂತು, ಜೀವ ತಿರುಗಿ ಬಂದ ಮೇಲೆ ಕೇಳಿದೆ: "ನೀ ಯಾವಾಗ ಮಾಡಿಸ್ಕೊಂತಿ ಮಾಮಾ?"

"ನಮ್ಮಾಕಿ ಇದ್ದಾಗ ಮಾಡಿಸ್ಕೊಬೇಕಿತ್ತು" ಎಂದ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. "ಆಕಿ ಎಲ್ಲಾ ಒಗದು ಹಾಕ್ತಿದ್ಳು. ಒಂದಿನ ಮಾರಿ ಸಿಂಡರಿಸಲಿಲ್ಲ."

"ಮಗ ಸೊಸಿ ಅದಾರಲ್ಲ."

"ಸೊಸಿ ಮುಂದ ಇದನ್ನೆಲ್ಲ ಹೇಳಾಕ ಆಗ್ತೈತೇನಲೇ?" ಎಂದು ನನ್ನನ್ನೇ ಗದರಿದ.

ಕಡೆಗೂ ಮಾಡಿಸಿಕೊಂಡ. ಹೋದ ಬೇಸಿಗೆಯಲ್ಲಿ ಮಷಿನ್ನಿನ ಮೇಲೆ ತಲೆ ಇಟ್ಟವನು ಎಷ್ಟು ಕರೆದರೂ ಬೇಗ ಏಳಲಿಲ್ಲ. ಮೈಯಲ್ಲಿ ರಕ್ತವೇ ಕಡಿಮೆಯಾಗಿದೆ, ಇನ್ನು ಮುಂದಕ್ಕೆ ಹಾಕಬಾರದು ಎಂದರು ಡಾಕ್ಟರು. ರಕ್ತ ಹಾಕಿ ಆಪರೇಷನ್ ಮಾಡಿದರು. ಮಗ ಬಾಷಾ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನೇ ಬಂದು ಕರೆದೊಯ್ದ. ನಾನು ಒಳಜೇಬಿನ ಬಿಳಿ ಬಟ್ಟೆ ಕತ್ತರಿಸಿ, ಮಾಮನದೇ ಮಷಿನ್ನಿನಲ್ಲಿ ಅಂಚು ಹೊಲಿದು, ಒಗೆದು ಒಣಗಿಸಿ, ಒಂದು ಕಟ್ಟು ಮಾಡಿ, ಜೀನ್ಸಿನ ಪಟ್ಟಿಯಿಂದ ಗಂಟು ಹಾಕಿ ಬಾಷಾನ ಕೈಗೆ ಕೊಟ್ಟೆ.

ದಿನಾ ಫೋನು ಮಾಡುತ್ತಿದ್ದೆ. ಕೇಳಿದ್ದಕ್ಕೆಲ್ಲ "ಆರಾಮ ಅದೀನಿ" ಎನ್ನುತ್ತಿದ್ದ. ರಕ್ತ? "ಏನೂ ಇಲ್ಲ." ಹೊಟ್ಟೆ? "ಚಲೋ ಐತಿ. ನನ್ನ ಮಷಿನ್ನಿಗೆ ಯಾರು ಕುಂತಾರ? ಜಗ್ಗಿ ಹೊಲಿಯಾಕ ಬಿಡಬ್ಯಾಡ." ಆರಾಮ ಅನ್ನುವ ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ವಾರ ಕಳೆದ ಮೇಲೆ ಶುಕ್ರವಾರ ರಜೆ ಹಾಕಿ ಸಿರುಗುಪ್ಪಕ್ಕೆ ಹೋದೆ. ಎರಡು ಕೋಣೆಯ ಮನೆ. ಪಾಯಿಖಾನೆಯ ಬಾಗಿಲು ಒಲೆಯ ಎದುರಿಗೇ ತೆರೆಯುತ್ತಿತ್ತು. ಒಗೆದ ಬಟ್ಟೆ ಹಾಕುವ ಹಗ್ಗ ಅಂಗಳದ ಉದ್ದಕ್ಕೂ, ಓಣಿಗೆಲ್ಲ ಕಾಣುವ ಹಾಗೆ. ಮಾಮ ಗೋಡೆಗೆ ಒರಗಿ ಟ್ಯೂಬಿನ ಮೇಲೆ ಕೂತಿದ್ದ. ಮನೆಯಲ್ಲಿ ಯಾವಾಗಲೂ ಲುಂಗಿ ಉಡುವವನು ಆ ಸೆಕೆಯಲ್ಲಿ ದಪ್ಪನೆಯ ಹಳೇ ಜೀನ್ಸ್ ಹಾಕಿಕೊಂಡಿದ್ದ. ಮುಖ ಸುಣ್ಣ ಬಳಿದ ಹಾಗಿತ್ತು. ತುಟಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ.

ಸೊಸೆ ಶಾಹೀನಾ ಗಂಜಿ ತಂದಿಟ್ಟು ಹೋದಳು. ಅವನು ಮುಟ್ಟಲಿಲ್ಲ.

"ಉಣ್ಣು ಮಾಮಾ."

"ತಿಂದ್ರ ಹೋಗಬೇಕಲ್ಲೋ" ಎಂದು ಪಿಸುಗುಟ್ಟಿದ. "ಒಲಿ ಮುಂದ ಹುಡುಗಿ ಕುಂತಿರ್ತಾಳ. ಒಳಗ ನಾ ನರಳೋದು ಕೇಳ್ತೈತಿ."

"ನೀರಾದ್ರೂ ಕುಡಿ. ನನಗ ಹೇಳಿದ್ದು ಏನಾತು?"

"ನೀ ಸಣ್ಣಾವ."

ಕೊಟ್ಟಿದ್ದ ಕಬ್ಬಿಣದ ಮಾತ್ರೆ ಹೊಟ್ಟೆ ಕಟ್ಟುತ್ತದೆಂದು ಅದನ್ನೂ ಬಿಟ್ಟಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ದವಾಖಾನೆಗೆ ಈಗಲೇ ನಡಿ, ಆಟೋ ತರುತ್ತೇನೆ ಎಂದೆ. ಅವನು ಗೋಡೆ ಹಿಡಿದು ಎದ್ದು ನಿಂತ. ತಪಾಸಣೆ ಕೊಡುವವನ ಹಾಗೆ ಬೆನ್ನು ತಿರುಗಿಸಿ ತೋರಿಸಿದ.

"ನೋಡು. ಎಲ್ಲೈತಿ ರಕ್ತ?"

ಕಪ್ಪಿಗೆ ತಿರುಗಿದ ನೀಲಿ ಬಟ್ಟೆ. ಏನೂ ಕಾಣಲಿಲ್ಲ. ಬೆಳಿಗ್ಗೆ ಬಾಷಾನ ಜೊತೆ ಬಳ್ಳಾರಿಗೆ ಬಂದೇ ಬರುತ್ತೇನೆಂದು ಮಾತು ಕೊಟ್ಟ. ಬಾಷಾನಿಗೂ ಹೇಳಿ, ಎರಡೆರಡು ಸಲ ಹೇಳಿ, ಕೊನೆಯ ಬಸ್ಸು ತಪ್ಪಬಾರದೆಂದು ಹೊರಟೆ. ಮಾಮ ಹೊಸ್ತಿಲವರೆಗೆ ಬಂದ. "ನನ್ನ ಮಷಿನ್ನಿಗೆ ಕುಂತಾಳಲ್ಲ, ಕೊಳಗಲ್ಲು ಕಡೀಂದ ಬರೋ ಆ ಹುಡುಗಿಗೆ ಹೇಳು, ಜಿಪ್ಪು ಹಚ್ಚಾಗ ಅವಸರ ಮಾಡಬ್ಯಾಡ ಅಂತ" ಎಂದ. ನಾನು ಅವನ ಬಾಯಿಂದ ಕೇಳಿದ ಕೊನೆಯ ಮಾತು ಜಿಪ್ಪಿನದು.

ಬೆಳಿಗ್ಗೆ ಬಳ್ಳಾರಿಗೆ ಬಂದ, ಆದರೆ ಆಂಬ್ಯುಲೆನ್ಸಿನಲ್ಲಿ. ಪಾಯಿಖಾನೆಯಲ್ಲಿ ತಿಣುಕಿ ತಿಣುಕಿ ಅಲ್ಲೇ ಕುಸಿದಿದ್ದ. ಬಾಗಿಲ ಕೆಳಗಿನಿಂದ ಹರಿದು ಬಂದದ್ದನ್ನು ಮೊದಲು ನೋಡಿದವಳು ಶಾಹೀನಾ. ಆಸ್ಪತ್ರೆಯಲ್ಲಿ ಡಾಕ್ಟರು ಬಾಷಾನನ್ನು ಕೇಳಿದರು, "ಎಷ್ಟು ಬಟ್ಟೆ ತೊಯ್ದಿದ್ದವು? ಯಾವಾಗಿನಿಂದ ಹೋಗುತ್ತಿತ್ತು?" ಬಾಷಾ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಂಥ ಆಪರೇಷನ್ ಆಗಿ ಒಂದು ವಾರದ ಮೇಲೂ ಗಾಯ ಒಡೆದು ರಕ್ತ ಹರಿಯುವುದುಂಟು, ಬೇಗ ತಂದರೆ ನಿಲ್ಲಿಸಬಹುದು, ಮೊದಲೇ ರಕ್ತ ಇಲ್ಲದ ಮೈ ಇದು ಎಂದರು. ಎರಡನೇ ಬಾಟಲಿ ರಕ್ತ ಏರುತ್ತಿದ್ದಾಗಲೇ ಮಾಮ ಹೋದ.

ಮಣ್ಣು ಕೊಟ್ಟು ಬಂದ ಮೇಲೆ ಮತ್ತೆ ಸಿರುಗುಪ್ಪಕ್ಕೆ ಹೋಗಲು ನನಗೆ ಕೆಲವು ದಿನ ಬೇಕಾಯಿತು. ಟ್ಯೂಬು ಅದೇ ಗೋಡೆಗೆ ಒರಗಿತ್ತು, ಗಾಳಿ ಇಳಿದಿತ್ತು. ಶಾಹೀನಾ ಚಹಾ ಕೊಟ್ಟು ಬಾಗಿಲ ಹತ್ತಿರ ನಿಂತಳು. ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಿದ್ದಳು.

"ನೀರಿನ ತೊಟ್ಟಿ ಹಿಂದ ಮುಚ್ಚಿಟ್ಟಿದ್ರು ಅಣ್ಣಾ. ಎಲ್ಲಾ ಜೀನ್ಸಿನ ತುಂಡು, ಬಳ್ಳಾರಿಯಿಂದ ಬರಾಗ ಚೀಲದಾಗ ತುಂಬ್ಕೊಂಡು ಬಂದಿದ್ರು. ನಾ ಬಕೀಟಿನಾಗ ನೆನೆಹಾಕಿದೆ. ಮೊದ್ಲ ನೀಲಿ ಬಿಟ್ಟಿತು. ಜೀನ್ಸು ಅಲ್ಲೇನು, ಬಿಡ್ತೈತಿ ಅಂದ್ಕೊಂಡೆ. ಆಮ್ಯಾಲ ಕೆಂಪು. ನೀರು ಚೆಲ್ಲಿ ಹೊಸಾ ನೀರು ಹಾಕಿದ್ರೂ ಕೆಂಪು."

ನಾನು ಚಹಾದ ಲೋಟ ಕೆಳಗಿಟ್ಟೆ.

"ನಮ್ಮಪ್ಪ ಹಾಸಿಗಿ ಹಿಡಿದಾಗ ನಾನ ಎಲ್ಲಾ ಒಗದೀನಿ ಅಣ್ಣಾ. ಇವ್ರದ್ದೂ ಒಗೀತಿದ್ದೆ. ನನ್ನ ಮುಂದ ಯಾಕ ನಾಚಿಕಿ?" ಎಂದು ಅತ್ತಳು. ನಾನೂ ಅತ್ತೆ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಅಳುವುದು ಬಹಳ ಕಷ್ಟ.

ಹೊರಡುವಾಗ ಅವಳು ಒಳಗೆ ಹೋಗಿ, ಮಾಮನ ಟ್ರಂಕಿನಲ್ಲಿ ಸಿಕ್ಕಿತೆಂದು ಒಂದು ಬಿಳಿಯ ಕಟ್ಟನ್ನು ತಂದು ನನ್ನ ಕೈಗಿಟ್ಟಳು. "ನಿಮ್ಮ ಯೂನಿಟ್ಟಿಂದು ಇರಬೇಕು, ಏನಣ್ಣಾ ಇದು?" ಎಂದು ಕೇಳಿದಳು. ನಾನು ಹಾಕಿದ ಗಂಟು ಹಾಕಿದ ಹಾಗೆಯೇ ಇತ್ತು.