ನಾನಿಯ ಕಣ್ಣು, ಮಗಳ ಕೈ

ದಾವಣಗೆರೆಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ‘ಸ್ವಾವಲಂಬನೆ’ ಎಂಬ ವಿಷಯದ ಮೇಲೆ ವರ್ಷವರ್ಷವೂ ಪ್ರಬಂಧ ಬರೆಸುವ ಕನ್ನಡ ಮೇಡಂ ನಾನು. ನನ್ನ ಸ್ವಂತ ಮಗಳು ಆಸ್ಮಾಗೆ ಮಾತ್ರ ಹದಿನೇಳು ತುಂಬಿದರೂ ಕುಕ್ಕರಿನ ಮುಚ್ಚಳ ಹಾಕಲು ಬರುತ್ತಿರಲಿಲ್ಲ. ತಪ್ಪು ಅವಳದಲ್ಲ. ಅವಳು ಚಾಕು ಹಿಡಿದರೆ ನನಗೆ ಆಗಲೇ ರಕ್ತ ಕಾಣುತ್ತದೆ. ಒಲೆ ಹಚ್ಚಲು ಹೋದರೆ ಬೆಂಕಿ ಆರಿಸುವವರ ಗಾಡಿಯ ಗಂಟೆ ಕೇಳುತ್ತದೆ. ಮಂಡಿಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿರುವ ನಮ್ಮ ಯಜಮಾನರು ಆಗಾಗ ಹೇಳುತ್ತಿದ್ದರು: “ಹಗ್ಗ ಮಾರಾನು ನಾನು, ಮಗಳನ್ನ ಕಟ್ಟಿಹಾಕಿರಾಕಿ ನೀನು.” ಇಂಥ ಮಾತಿಗೆ ನಾನು ಜಗಳ ಶುರು ಮಾಡುವುದು ಉರ್ದುವಿನಲ್ಲಿ, ಮುಗಿಸುವುದು ಕನ್ನಡದಲ್ಲಿ.

ಈ ಮಾರ್ಚಿನಲ್ಲಿ ಹರಿಹರದಲ್ಲಿರುವ ನನ್ನ ತಾಯಿಗೆ, ಅಂದರೆ ಆಸ್ಮಾಳ ನಾನಿಗೆ, ಕಣ್ಣಿನ ಪೊರೆ ತೆಗೆದರು. ಅವರು ಇರುವುದು ನನ್ನ ತಮ್ಮನ ಜೊತೆ. ಅವನಿಗೆ ಕಾರ್ಖಾನೆಯ ಪಾಳಿ. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ನನಗೆ ಪರೀಕ್ಷೆಯ ಕೆಲಸ, ರಜೆ ಸಿಗುವ ಮಾತೇ ಇಲ್ಲ. ಎರಡು ಗಂಟೆಗೊಮ್ಮೆ ಕಣ್ಣಿಗೆ ಔಷಧಿ ಬಿಡುವವರು ಯಾರು ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗ ಆಸ್ಮಾ, “ನಾನ್ ಹೋಗ್ತೀನಿ ಬಿಡು, ನಾಲ್ಕು ದಿನ ತಾನೇ?” ಎಂದು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

ಹರಿಹರವೇನು ದೂರದ ಊರಲ್ಲ; ಬಸ್ಸಿನಲ್ಲಿ ಕೂತು ಸೀಟು ಬೆಚ್ಚಗಾಗುವಷ್ಟರಲ್ಲಿ ಇಳಿಯಬೇಕು. ಆದರೂ ನಾನು ಎರಡು ಹಾಳೆ ತುಂಬ ಸೂಚನೆ ಬರೆದುಕೊಟ್ಟೆ. ಮೊದಲ ದಿನ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೆರಡನೇ ಸಲ ಎತ್ತಿದ್ದು ನನ್ನ ತಾಯಿ. “ಹುಡುಗಿ ಔಷಧಿ ಬಿಡಬೇಕಾ, ನಿನ್ನ ಫೋನ್ ಹಿಡಕಂಡು ಕುಂದ್ರಬೇಕಾ? ಇನ್ನ ಮಾಡಬ್ಯಾಡ” ಎಂದು ಇಟ್ಟೇಬಿಟ್ಟರು.

ಮರುದಿನ ಮಧ್ಯಾಹ್ನ ಆಸ್ಮಾಳೇ ಫೋನ್ ಮಾಡಿದಳು. ಬೆಳಿಗ್ಗೆ ನಾನಿಯ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತಂತೆ. ಇವಳು ಆಸ್ಪತ್ರೆಯ ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಕೇಳಿ, ಆಟೋ ಕರೆದು, ಅವರನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ನಾನಿ ಯಾರಿಗೂ ಕಾಣದಂತೆ ಸೆರಗಿನಿಂದ ಕಣ್ಣು ಉಜ್ಜಿಕೊಂಡಿದ್ದರಂತೆ. ಡಾಕ್ಟರು ಬೈದು, ಇನ್ನೊಂದು ಔಷಧಿ ಕೊಟ್ಟು, ಸಕಾಲಕ್ಕೆ ಕರೆತಂದಿರಿ, ಭಯವಿಲ್ಲ ಎಂದರಂತೆ. ಎಲ್ಲ ಮುಗಿದು, ನಾನಿ ಗಂಜಿ ಕುಡಿದು ಮಲಗಿದ ಮೇಲೆ ನನಗೆ ಸುದ್ದಿ!

“ಆಗಲೇ ಯಾಕೆ ಹೇಳಲಿಲ್ಲೇ?” ಎಂದು ಕೂಗಿದೆ. ಸ್ಟಾಫ್ ರೂಮಿನವರೆಲ್ಲ ತಿರುಗಿ ನೋಡಿದರು.

“ಹೇಳಿದ್ರ ನೀನು ಅಳ್ತಾ ಓಡಿ ಬರ್ತಿದ್ದೆ. ನಾನು ನಾನಿನ್ನ ನೋಡ್ಕೊಳ್ಳಾದಾ, ನಿನ್ನ ನೋಡ್ಕೊಳ್ಳಾದಾ?”

ನನಗೆ ಸಿಟ್ಟೂ ಬಂತು, ಕಣ್ಣೀರೂ ಬಂತು; ಜೊತೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾನಿಲ್ಲದೆ ಇಷ್ಟೆಲ್ಲ ನಡೆಯಬಹುದೇ? ಆ ದಿನ ಉತ್ತರಪತ್ರಿಕೆ ಕಟ್ಟುತ್ತ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ ಮಕ್ಕಳನ್ನು ‘ಸಾಕು’ ಎನ್ನುವುದಕ್ಕೂ, ಇನ್ನು ಬೇಡ, ‘ಸಾಕು’ ಎನ್ನುವುದಕ್ಕೂ ಒಂದೇ ಪದ. ಇಷ್ಟು ವರ್ಷ ವ್ಯಾಕರಣ ಕಲಿಸಿದವಳು ಮೊದಲನೆಯದನ್ನಷ್ಟೇ ಓದಿಕೊಂಡಿದ್ದೆ.

ಭಾನುವಾರ ಹರಿಹರಕ್ಕೆ ಹೋದೆ. ಆಸ್ಮಾ ಕೈ ತೊಳೆದು, ನಾನಿಯ ಗಲ್ಲ ಎತ್ತಿ, ಉಸಿರು ಬಿಗಿಹಿಡಿದು ಒಂದೇ ಒಂದು ಹನಿ ಬಿಡುವುದನ್ನು ಬಾಗಿಲಲ್ಲೇ ನಿಂತು ನೋಡಿದೆ. ಅವಳು ಒಳಗೆ ಚಹಾಕ್ಕೆ ಹೋದಾಗ ತಾಯಿಯನ್ನು ಕೇಳಿದೆ: “ನಾನು ಕಾಲೇಜು ಸೇರಿದಾಗ ದಿನಾ ಒಬ್ಬಳನ್ನೇ ದಾವಣಗೆರೆಗೆ ಕಳಿಸ್ತಿದ್ದೆಯಲ್ಲ, ನಿನಗೆ ಹೆದರಿಕೆನೇ ಆಗ್ತಿರಲಿಲ್ವಾ?”

“ಒಬ್ಬಳನ್ನೇ ಅಂತ ಯಾರಂದ್ರು ನಿಂಗೆ?” ಎಂದು ಅವರು ನಕ್ಕರು. “ಮೊದಲನೇ ವಾರ ಅದೇ ಬಸ್ಸಿನಾಗೆ ಹಿಂದಿನ ಸೀಟಿನಾಗೆ ನಾನೂ ಇದ್ನಲ್ಲ. ಗುರುತು ಸಿಗಬಾರದು ಅಂತ ಪಕ್ಕದ ಮನೆಯಾಕೆ ಬುರ್ಖಾ ಇಸ್ಕಂಡಿದ್ದೆ. ನೀನು ಕಾಲೇಜಿನ ಗೇಟು ದಾಟಿದ ಮ್ಯಾಲೆ ವಾಪಸ್ ಬರ್ತಿದ್ದೆ.”

“ಆಮೇಲೆ?” ಎಂದೆ.

“ಆಮೇಲೆ ಒಂದಿನ ಮನೆಯಾಗೇ ಉಳಕಂಡೆ. ಬಸ್ಸಿಗೆ ಬರಾದೇನು ದೊಡ್ಡದಲ್ಲ ತಾಯಿ. ಉಳಿಯಾದು ಐತಲ್ಲ, ಅದು ಭಾಳ ಕಷ್ಟ.”

ಇಪ್ಪತ್ತೈದು ವರ್ಷ ನನ್ನ ಧೈರ್ಯ ಎಂದು ನಾನು ಜಂಬ ಕೊಚ್ಚಿಕೊಂಡದ್ದರ ಹಿಂದಿನ ಸೀಟಿನಲ್ಲಿ ಕೂತಿದ್ದವರು ಯಾರೆಂದು ಅಂದು ತಿಳಿಯಿತು. ಅವರ ಕೈ ಹಿಡಿದುಕೊಂಡೆ.

ಮರುದಿನ ಕಣ್ಣು ತೋರಿಸಬೇಕಿತ್ತು, ಆಸ್ಮಾ ಉಳಿದಳು. ಸೋಮವಾರ ಸಂಜೆ ಒಬ್ಬಳೇ ಬಸ್ಸಿಗೆ ಬಂದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಓಣಿಯ ತಿರುವಿನವರೆಗೆ ಹೋಗಿದ್ದೆ, ನಿಜ. ಆದರೆ ಅವಳು ಕಂಡ ಕೂಡಲೇ ತಳ್ಳುಗಾಡಿಯ ಕಡೆ ತಿರುಗಿ ಕೊತ್ತಂಬರಿ ಸೊಪ್ಪಿನ ಚೌಕಾಸಿಗೆ ನಿಂತೆ. ನಮ್ಮಮ್ಮನಷ್ಟು ಚೆನ್ನಾಗಿ ಅಡಗುವುದು ನನಗಿನ್ನೂ ಬಂದಿಲ್ಲ. ಆಸ್ಮಾ ನೇರ ಬಂದು ಪಕ್ಕದಲ್ಲಿ ನಿಂತಳು. ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿ, “ಕೊಡಮ್ಮಿ, ಸೊಪ್ಪು ನಾನ್ ಹಿಡ್ಕೊತೀನಿ” ಎಂದಳು.

ಕೊಟ್ಟೆ.